ಫೈಬ್ರೊಮಯಾಲ್ಜಿಯ ನೋವಿಗೆ ಮಾತ್ರೆಗಳು: ಯಾವುದು, ಯಾಕೆ, ಎಷ್ಟರ ಮಟ್ಟಿಗೆ?

2025ರ ಆಗಸ್ಟ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಫೈಬ್ರೊಮಯಾಲ್ಜಿಯಕ್ಕೆ ಹೊಸ ಮಾತ್ರೆಯೊಂದನ್ನು ಒಪ್ಪಿತು. ನಾಲಿಗೆ ಕೆಳಗಿಟ್ಟು ಕರಗಿಸಿಕೊಳ್ಳುವ ಮಾತ್ರೆ ಅದು. ಅದಕ್ಕೂ ಮುಂಚೆ ಈ ಕಾಯಿಲೆಗೆಂದು ಅಲ್ಲಿ ಕೊನೆಯದಾಗಿ ಒಂದು ಔಷಧಕ್ಕೆ ಒಪ್ಪಿಗೆ ಸಿಕ್ಕಿದ್ದು 2009ರಲ್ಲಿ. ಅಷ್ಟು ವರ್ಷ ಕಾದವರಿಗೆ ಇದು ದೊಡ್ಡ ಸುದ್ದಿಯೇ. ಸುದ್ದಿಯ ಹಿಂದೆಯೇ ಪ್ರಶ್ನೆಗಳೂ ಬಂದವು. ಇದು ನನಗೆ ಆಗುತ್ತಾ? ಈಗ ತಗೊಳ್ಳುತ್ತಿರುವ ಮಾತ್ರೆ ಬಿಡಬೇಕಾ? ನೋವು ಅಂತ ಹೋದರೆ ಡಾಕ್ಟರು ಖಿನ್ನತೆಯ ಮಾತ್ರೆ ಬರೆದುಕೊಟ್ಟಿದ್ದು ಯಾಕೆ?

ಈ ಮೂರನೇ ಪ್ರಶ್ನೆಗೆ ಉತ್ತರ ಗೊತ್ತಾದರೆ ಉಳಿದವು ಅರ್ಧ ಬಗೆಹರಿದ ಹಾಗೆ. ಆದರೆ ಮೊದಲು ಕಾಯಿಲೆ ಏನು ಅನ್ನುವುದನ್ನು ನೋಡೋಣ.

ಕಾಯಿಲೆ ಏನು?

ಮೈಯೆಲ್ಲಾ ನೋವು, ಮೂರು ತಿಂಗಳಾದರೂ ಹೋಗದ ನೋವು. ಕುತ್ತಿಗೆ, ಭುಜ, ಬೆನ್ನು, ಸೊಂಟ, ಕೈಕಾಲು ಹೀಗೆ ಒಂದು ಕಡೆ ಅಂತಿಲ್ಲ. ಜೊತೆಗೆ ವಿಪರೀತ ಸುಸ್ತು. ಎಂಟು ಗಂಟೆ ಮಲಗಿ ಎದ್ದರೂ ನಿದ್ದೆಯೇ ಮಾಡಿಲ್ಲವೇನೋ ಅನ್ನಿಸುತ್ತದೆ. ಹೇಳಬೇಕಾದ ಪದ ಬಾಯಿಗೆ ಬರುವುದಿಲ್ಲ, ಓದಿದ್ದು ತಲೆಗೆ ಹತ್ತುವುದಿಲ್ಲ. ಇವೆಲ್ಲಾ ಸೇರಿದ್ದು ಫೈಬ್ರೊಮಯಾಲ್ಜಿಯ. ನೂರು ಜನರಲ್ಲಿ ಎರಡರಿಂದ ನಾಲ್ಕು ಜನರಿಗೆ ಇದು ಇರಬಹುದು ಅನ್ನುವುದು ಸಾಮಾನ್ಯ ಅಂದಾಜು. ಗೊತ್ತಾಗಿ ಚಿಕಿತ್ಸೆಗೆ ಬರುವವರಲ್ಲಿ ಹೆಂಗಸರೇ ಜಾಸ್ತಿ.

ಇದನ್ನು ತೋರಿಸಿಕೊಡುವ ರಕ್ತಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘ ಒಂದು ಅಳತೆ ಮಾಡಿಕೊಟ್ಟಿತು. ಮೈಮೇಲೆ ಗೊತ್ತುಮಾಡಿದ 18 ಜಾಗಗಳನ್ನು ಡಾಕ್ಟರು ಹೆಬ್ಬೆರಳಿನಿಂದ ಒತ್ತಬೇಕು. ಒತ್ತುವ ಬಲ ಸುಮಾರು 4 ಕೆಜಿ, ಅಂದರೆ ಒತ್ತುವವರ ಉಗುರು ಬೆಳ್ಳಗಾಗುವಷ್ಟು. 11 ಜಾಗದಲ್ಲಾದರೂ ನೋವಾದರೆ ಫೈಬ್ರೊಮಯಾಲ್ಜಿಯ. ಒಂದು ಜಾಗ ಕಡಿಮೆಯಾದರೆ ಇಲ್ಲ ಅನ್ನುವುದು ಹೇಗೆ? ಸುಸ್ತು, ನಿದ್ದೆ, ಮರೆವು ಇವಕ್ಕೆಲ್ಲಾ ಲೆಕ್ಕವೇ ಇಲ್ಲವೇ? ಇಂಥ ತಕರಾರುಗಳು ಬಂದವು. 2010ರಲ್ಲಿ ಅಳತೆ ಬದಲಾಯಿತು. ಈಗ ಮೈಯ 19 ಭಾಗಗಳಲ್ಲಿ ಎಲ್ಲೆಲ್ಲಿ ನೋವಿದೆ ಅಂತ ಕೇಳುತ್ತಾರೆ. ಸುಸ್ತು, ನಿದ್ದೆ, ಯೋಚನೆಯ ಮಂಕು ಎಷ್ಟಿದೆ ಅಂತಲೂ ಅಂಕ ಹಾಕುತ್ತಾರೆ. ರಕ್ತಪರೀಕ್ಷೆಗಳನ್ನು ಮಾಡಿಸುವುದು ಥೈರಾಯ್ಡ್ ತೊಂದರೆ, ಸಂಧಿವಾತದಂಥ ಬೇರೆ ಕಾರಣ ಇಲ್ಲ ಅಂತ ಖಾತ್ರಿ ಮಾಡಿಕೊಳ್ಳಲು.

ನೋವು ಹುಟ್ಟುವುದು ಎಲ್ಲಿ?

ಕಾಲು ಉಳುಕಿದರೆ ಅಲ್ಲಿ ಊತ ಬರುತ್ತದೆ, ಗಂಟು ಸವೆದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ಫೈಬ್ರೊಮಯಾಲ್ಜಿಯದಲ್ಲಿ ಸ್ನಾಯು, ಗಂಟುಗಳಲ್ಲಿ ಈ ಪಾಟಿ ನೋವಿಗೆ ತಕ್ಕ ಪೆಟ್ಟು ಕಾಣುವುದಿಲ್ಲ. ಹಾಗಂತ ನೋವು ಸುಳ್ಳಲ್ಲ. ತೊಂದರೆ ಇರುವುದು ನೋವಿನ ಸುದ್ದಿಯನ್ನು ಹೊತ್ತೊಯ್ಯುವ ನರಗಳ ಜಾಲದಲ್ಲಿ, ಬೆನ್ನುಹುರಿ ಮತ್ತು ಮೆದುಳಿನಲ್ಲಿ.

ಮೈಕ್ ಸೆಟ್‌ನ ವಾಲ್ಯೂಮನ್ನು ಪೂರ್ತಿ ತಿರುಗಿಸಿಟ್ಟಾಗ ಏನಾಗುತ್ತದೆ ನೆನಪಿಸಿಕೊಳ್ಳಿ. ಯಾರೋ ಮೆಲ್ಲಗೆ ಉಸಿರು ಬಿಟ್ಟರೂ ಸ್ಪೀಕರಿನಲ್ಲಿ ಭೋರ್ ಅನ್ನುತ್ತದೆ. ಉಸಿರು ಬಿಟ್ಟವರದು ತಪ್ಪಲ್ಲ, ಸ್ಪೀಕರೂ ಕೆಟ್ಟಿಲ್ಲ. ನಡುವಿನ ವಾಲ್ಯೂಮ್ ಏರಿದೆ. ಇಲ್ಲಿಯೂ ಹಾಗೆಯೇ. ಸುಮ್ನೆ ಯಾರೋ ತೋಳು ಹಿಡಿದುಕೊಂಡರೂ, ಬಿಗಿಯಾದ ಬಟ್ಟೆ ತಾಗಿದರೂ ಅದು ನೋವಾಗಿ ಕೇಳಿಸುತ್ತದೆ.

ವಾಲ್ಯೂಮ್ ಏರಿಸುವ ಮತ್ತು ಇಳಿಸುವ ರಾಸಾಯನಿಕಗಳು ನಮ್ಮ ನರಗಳಲ್ಲೇ ಇವೆ. ಗ್ಲುಟಮೇಟ್, ಸಬ್‌ಸ್ಟೆನ್ಸ್ ಪಿ ಎನ್ನುವವು ನೋವಿನ ಸುದ್ದಿಯನ್ನು ಮುಂದೆ ತಳ್ಳುತ್ತವೆ. ಸೆರೊಟೊನಿನ್, ನಾರ್‌ಎಪಿನೆಫ್ರಿನ್ ಎನ್ನುವವು ಮೆದುಳಿನಿಂದ ಕೆಳಗಿಳಿದು ಬರುವ ನರಗಳ ಮೂಲಕ ಬೆನ್ನುಹುರಿಯಲ್ಲೇ ಆ ಸುದ್ದಿಗೆ ತಡೆ ಹಾಕುತ್ತವೆ. ಫೈಬ್ರೊಮಯಾಲ್ಜಿಯ ಇರುವವರ ಬೆನ್ನುಹುರಿಯ ದ್ರವದಲ್ಲಿ ಸಬ್‌ಸ್ಟೆನ್ಸ್ ಪಿ ಪ್ರಮಾಣ ಬೇರೆಯವರಿಗಿಂತ ಜಾಸ್ತಿ ಇದ್ದದ್ದನ್ನು 1990ರ ದಶಕದಲ್ಲೇ ಕಂಡುಕೊಂಡಿದ್ದರು. ಊತ, ಗಾಯ, ನರದ ಪೆಟ್ಟು ಯಾವುದೂ ಇಲ್ಲದೆ ನೋವಿನ ವ್ಯವಸ್ಥೆಯೇ ಬದಲಾಗಿ ಬರುವ ಇಂಥ ನೋವಿಗೆ 2017ರಲ್ಲಿ ಅಂತರರಾಷ್ಟ್ರೀಯ ನೋವು ಅಧ್ಯಯನ ಸಂಘ ನೋಸಿಪ್ಲಾಸ್ಟಿಕ್ ನೋವು ಎಂಬ ಬೇರೆಯದೇ ಗುಂಪು ಮಾಡಿತು. "ಎಲ್ಲಾ ನಿನ್ನ ಮನಸ್ಸಿನ ಭ್ರಮೆ" ಅನ್ನಿಸಿಕೊಂಡು ನೊಂದವರಿಗೆ ಈ ವಿಷಯ ತಿಳಿದಿರಬೇಕು.

ಮಾಮೂಲಿ ಪೇನ್ ಕಿಲ್ಲರ್ ಯಾಕೆ ಸಾಲದು?

ಐಬುಪ್ರೊಫೆನ್, ನ್ಯಾಪ್ರೊಕ್ಸೆನ್, ಡೈಕ್ಲೋಫೆನಾಕ್ ಇವು ಪೆಟ್ಟಾದ ಜಾಗದಲ್ಲಿ ಊತ, ಉರಿ ಉಂಟುಮಾಡುವ ವಸ್ತುಗಳನ್ನು ಕಡಿಮೆ ಮಾಡುತ್ತವೆ. ಫೈಬ್ರೊಮಯಾಲ್ಜಿಯದಲ್ಲಿ ಅಂಥ ಊತವೇ ಇಲ್ಲ. ಹಾಗಾಗಿ ಅವಕ್ಕೆ ಇಲ್ಲಿ ಕೆಲಸವೂ ಇಲ್ಲ. ಪ್ರಯೋಗಗಳಲ್ಲೂ, ಹೋಲಿಕೆಗೆಂದು ಕೊಡುವ ಔಷಧವಿಲ್ಲದ ಖಾಲಿ ಮಾತ್ರೆಗಿಂತ ಅವು ಮೇಲು ಅಂತ ಕಾಣಲಿಲ್ಲ. ಸ್ಟಿರಾಯ್ಡ್ ಮಾತ್ರೆಗಳೂ ಅಷ್ಟೇ. ಮಂಡಿ ಸವೆತದಂಥ ಇನ್ನೊಂದು ನೋವು ಜೊತೆಗಿದ್ದರೆ ಆ ನೋವಿಗೆ ಪೇನ್ ಕಿಲ್ಲರ್ ಉಪಯೋಗವಾಗಬಹುದು, ಅದು ಬೇರೆ ಮಾತು. ಆದರೆ ಮೈಕೈ ನೋವಿಗೆ ಅಂತ ದಿನಾ ನುಂಗುತ್ತಾ ಹೋದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು, ರಕ್ತದೊತ್ತಡದ ಏರಿಕೆ ಇವು ಬರಬಹುದು, ನೋವು ಮಾತ್ರ ಇದ್ದಲ್ಲೇ ಇರುತ್ತದೆ.

ಮಾರ್ಫಿನ್, ಆಕ್ಸಿಕೊಡೋನ್‌ನಂಥ ಓಪಿಯಾಯ್ಡ್‌ಗಳು (ಅಫೀಮಿನ ಜಾತಿಯ ನೋವುನಿವಾರಕಗಳು) ಬಲವಾದವು, ಅವಾದರೂ ಕೆಲಸ ಮಾಡಬೇಕಲ್ವಾ? ಅಲ್ಲೂ ನಿರಾಸೆಯೇ. ಅವು ಅಂಟಿಕೊಂಡು ಕೆಲಸ ಮಾಡಬೇಕಾದ ಗ್ರಾಹಕಗಳು ಈ ಕಾಯಿಲೆಯವರ ಮೆದುಳಿನಲ್ಲಿ ಕಡಿಮೆ ಸಿಗುತ್ತವೆ ಎಂದು 2007ರ ಒಂದು ಸ್ಕ್ಯಾನ್ ಅಧ್ಯಯನ ತೋರಿಸಿತು. ಅದಲ್ಲದೆ ಬಹಳ ದಿನ ತಗೊಂಡರೆ ಓಪಿಯಾಯ್ಡ್‌ಗಳೇ ನೋವಿನ ಸೂಕ್ಷ್ಮತೆಯನ್ನು ಹೆಚ್ಚಿಸಬಲ್ಲವು. ಚಟದ ಅಪಾಯ ಇದ್ದೇ ಇದೆ. ಟ್ರಾಮಡಾಲ್ ಒಂದು ಮಾತ್ರ ಸ್ವಲ್ಪ ಬೇರೆ. ಅದು ಸೆರೊಟೊನಿನ್, ನಾರ್‌ಎಪಿನೆಫ್ರಿನ್ ಮೇಲೂ ಕೆಲಸ ಮಾಡುತ್ತದೆ. ಹಾಗಾಗಿ ಕೆಲವರಿಗೆ ಕೆಲವು ಕಾಲ ಕೊಡುವುದುಂಟು. ಅದಕ್ಕೂ ಚಟ ಹತ್ತುತ್ತದೆ.

ಖಿನ್ನತೆಯ ಮಾತ್ರೆ ನೋವಿಗೆ ಯಾಕೆ?

ಸೆರೊಟೊನಿನ್, ನಾರ್‌ಎಪಿನೆಫ್ರಿನ್ ನೋವಿಗೆ ತಡೆ ಹಾಕುತ್ತವೆ ಅಂದೆವಲ್ಲ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಈ ಎರಡು ರಾಸಾಯನಿಕಗಳೂ ನರಗಳಲ್ಲಿ ಜಾಸ್ತಿ ಹೊತ್ತು ಉಳಿಯುವಂತೆ ಮಾಡುತ್ತವೆ. ಆಗ ನೋವಿನ ವಾಲ್ಯೂಮ್ ಸ್ವಲ್ಪ ಇಳಿಯುತ್ತದೆ. ಖಿನ್ನತೆ ಇಲ್ಲದವರಲ್ಲೂ ಇಳಿಯುತ್ತದೆ. ಚೀಟಿಯಲ್ಲಿ ಈ ಮಾತ್ರೆ ಕಂಡ ತಕ್ಷಣ "ಡಾಕ್ಟರು ನನ್ನ ನೋವನ್ನು ನಂಬಲಿಲ್ಲ" ಅಂತ ಬೇಸರ ಮಾಡಿಕೊಂಡು ಮಾತ್ರೆ ಮುಟ್ಟದೇ ಇರುವವರು ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾಕೆ ಕೊಟ್ಟಿದ್ದು ಅಂತ ಅವರನ್ನೇ ಕೇಳಿ.

ಈ ಗುಂಪಿನಲ್ಲಿ ಹಳೆಯದು ಅಮಿಟ್ರಿಪ್ಟಿಲಿನ್. 1960ರ ದಶಕದಿಂದ ಬಳಕೆಯಲ್ಲಿದೆ. ಖಿನ್ನತೆಗೆ ಕೊಡುವ ಡೋಸ್ 75 ಮಿಗ್ರಾಂನಿಂದ 150 ಮಿಗ್ರಾಂವರೆಗೂ ಹೋಗುತ್ತದೆ. ಫೈಬ್ರೊಮಯಾಲ್ಜಿಯಕ್ಕೆ ರಾತ್ರಿ 10 ಮಿಗ್ರಾಂನಿಂದ ಶುರು ಮಾಡಿ ಸಾಮಾನ್ಯವಾಗಿ 25ರಿಂದ 50ರೊಳಗೆ ನಿಲ್ಲಿಸುತ್ತಾರೆ. ಇದರ ದೊಡ್ಡ ಗುಣ ನಿದ್ದೆ. ನೋವಿನಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮಾರನೇ ದಿನ ನೋವು ಏರುತ್ತದೆ. ಆ ಸುತ್ತನ್ನು ಇದು ಒಂದು ಕಡೆ ಕತ್ತರಿಸುತ್ತದೆ.

ತೊಂದರೆಗಳೂ ಇವೆ. ಬಾಯಿ ಒಣಗುತ್ತದೆ, ಮಲಬದ್ಧತೆ ಬರುತ್ತದೆ, ತೂಕ ಏರಬಹುದು. ಬೆಳಗ್ಗೆ ಎದ್ದರೂ ಮಂಪರು ಇಳಿಯದೇ ಇರಬಹುದು. ಅದಕ್ಕೆ ಒಂದು ಸರಳ ಉಪಾಯ ಇದೆ: ಮಲಗುವಾಗ ತಗೊಳ್ಳುವ ಬದಲು ಒಂದೆರಡು ಗಂಟೆ ಮುಂಚೆ ತಗೊಳ್ಳುವುದು. ಮಂಪರಿನ ಗಟ್ಟಿ ಭಾಗ ರಾತ್ರಿಯಲ್ಲೇ ಕಳೆದುಹೋಗುತ್ತದೆ. ಕೆಲವು ಬಗೆಯ ಗ್ಲಾಕೋಮ, ಹೃದಯ ಬಡಿತದ ತೊಂದರೆ, ಮೂತ್ರ ಕಟ್ಟಿಕೊಳ್ಳುವ ತೊಂದರೆ ಇದ್ದವರು ಮೊದಲೇ ಹೇಳಬೇಕು. ವಯಸ್ಸಾದವರಿಗೆ ಇದರಿಂದ ಗೊಂದಲ, ಬೀಳುವ ಭಯ ಜಾಸ್ತಿ.

ಡುಲೊಕ್ಸೆಟಿನ್ ಅದಕ್ಕಿಂತ ಹೊಸದು. 2008ರಲ್ಲಿ ಎಫ್‌ಡಿಎ ಇದನ್ನು ಫೈಬ್ರೊಮಯಾಲ್ಜಿಯಕ್ಕೆ ಒಪ್ಪಿತು. ಒಂದು ವಾರ 30 ಮಿಗ್ರಾಂ, ಆಮೇಲೆ ದಿನಕ್ಕೆ 60 ಮಿಗ್ರಾಂ. 120ಕ್ಕೆ ಏರಿಸಿದರೆ ನೋವಿಗೆ ಹೆಚ್ಚಿನ ಲಾಭ ಕಾಣಲಿಲ್ಲ, ಅಡ್ಡ ಪರಿಣಾಮ ಮಾತ್ರ ಹೆಚ್ಚಿತು. ನೋವಿನ ಜೊತೆ ಖಿನ್ನತೆ ಅಥವಾ ಆತಂಕ ನಿಜಕ್ಕೂ ಇದ್ದರೆ ಇದು ಒಂದೇ ಏಟಿಗೆ ಎರಡನ್ನೂ ನೋಡಿಕೊಳ್ಳುತ್ತದೆ. ಮೊದಲ ವಾರ ವಾಕರಿಕೆ ಸಾಮಾನ್ಯ, ಊಟದ ಜೊತೆ ತಗೊಂಡರೆ ಕಡಿಮೆ. ಕ್ಯಾಪ್ಸೂಲಿನ ಒಳಗಿರುವ ಪುಟ್ಟ ಪುಟ್ಟ ಗುಂಡುಗಳ ಮೇಲೆ ಒಂದು ಲೇಪನ ಇರುತ್ತದೆ. ಹೊಟ್ಟೆಯ ಆಮ್ಲ ಔಷಧವನ್ನು ಹಾಳುಮಾಡದಿರಲಿ ಅಂತ ಅದು. ಆದ್ದರಿಂದ ಅಗಿಯಬಾರದು, ಪುಡಿ ಮಾಡಬಾರದು. ಲಿವರ್ ಕಾಯಿಲೆ ಇದ್ದವರಿಗೆ, ಜಾಸ್ತಿ ಕುಡಿಯುವವರಿಗೆ ಇದು ಆಗದು. ರಕ್ತದೊತ್ತಡದ ಮೇಲೂ ಕಣ್ಣಿಟ್ಟಿರಬೇಕು.

ಮಿಲ್ನಾಸಿಪ್ರಾನ್ 2009ರಲ್ಲಿ ಒಪ್ಪಿಗೆ ಪಡೆದದ್ದು. ಕೆಲಸದ ರೀತಿ ಡುಲೊಕ್ಸೆಟಿನ್‌ನಂತೆಯೇ, ನಾರ್‌ಎಪಿನೆಫ್ರಿನ್ ಕಡೆಗೆ ಹೆಚ್ಚು ಒಲವು. 12.5 ಮಿಗ್ರಾಂನಿಂದ ಶುರುವಾಗಿ ಒಂದು ವಾರದಲ್ಲಿ ದಿನಕ್ಕೆ ಎರಡು ಬಾರಿ 50 ಮಿಗ್ರಾಂಗೆ ಏರಿಸುತ್ತಾರೆ. ಎದೆ ಬಡಿತ ಮತ್ತು ರಕ್ತದೊತ್ತಡ ಏರಿಸಬಹುದು.

ಈ ಗುಂಪಿನ ಎಲ್ಲಾ ಮಾತ್ರೆಗಳಿಗೂ ಎರಡು ಎಚ್ಚರಿಕೆಗಳಿವೆ. 24 ವರ್ಷದವರೆಗಿನ ಎಳೆಯರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಬಹುದು, ಮನೆಯವರು ಗಮನಿಸಬೇಕು. ಇನ್ನೊಂದು, ಟ್ರಾಮಡಾಲ್, ಮೈಗ್ರೇನಿನ ಟ್ರಿಪ್ಟಾನ್ ಮಾತ್ರೆಗಳು, ಬೇರೆ ಖಿನ್ನತೆಯ ಮಾತ್ರೆಗಳು ಇವುಗಳ ಜೊತೆ ಸೇರಿದರೆ ಮೈಯಲ್ಲಿ ಸೆರೊಟೊನಿನ್ ಅತಿಯಾಗಬಹುದು. ನಡುಕ, ಬೆವರು, ಜ್ವರ, ಎದೆ ಡವಗುಟ್ಟುವುದು, ಗಲಿಬಿಲಿ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪ್ರೆಗಾಬಲಿನ್: ನರದ ಮಾತ್ರೆ

ಇದು ತಡೆಯ ಕಡೆಯಿಂದಲ್ಲ, ತಳ್ಳುವ ಕಡೆಯಿಂದ ಕೆಲಸ ಮಾಡುತ್ತದೆ. ನರದ ತುದಿಗೆ ಕ್ಯಾಲ್ಸಿಯಂ ನುಗ್ಗಿದಾಗ ಗ್ಲುಟಮೇಟ್, ಸಬ್‌ಸ್ಟೆನ್ಸ್ ಪಿ ಹೊರಗೆ ಬೀಳುತ್ತವೆ. ಪ್ರೆಗಾಬಲಿನ್ ಆ ಕ್ಯಾಲ್ಸಿಯಂ ದಾರಿಯ ಒಂದು ಭಾಗಕ್ಕೆ ಅಂಟಿಕೊಂಡು ಅದನ್ನು ಕಿರಿದಾಗಿಸುತ್ತದೆ. ಮೂಲತಃ ಮೂರ್ಛೆರೋಗಕ್ಕೆ, ನರದ ನೋವಿಗೆ ಬಂದ ಔಷಧ. 2007ರಲ್ಲಿ ಎಫ್‌ಡಿಎ ಫೈಬ್ರೊಮಯಾಲ್ಜಿಯಕ್ಕೆಂದು ಒಪ್ಪಿದ ಮೊಟ್ಟಮೊದಲ ಮಾತ್ರೆ ಇದೇ. ದಿನಕ್ಕೆ ಎರಡು ಬಾರಿ 75 ಮಿಗ್ರಾಂನಿಂದ ಶುರು. ದಿನದ ಒಟ್ಟು 300ರಿಂದ 450 ಮಿಗ್ರಾಂ. ಇದರ ಅಣ್ಣನಂಥ ಗ್ಯಾಬಪೆಂಟಿನ್‌ನನ್ನೂ ಕೆಲವು ವೈದ್ಯರು ಕೊಡುತ್ತಾರೆ.

ನಿದ್ದೆ, ಆತಂಕ ಎರಡಕ್ಕೂ ಒಳ್ಳೆಯದು. ಆದರೆ ತಲೆಸುತ್ತು, ತೂಕಡಿಕೆ, ಕಾಲಿನ ಊತ, ತೂಕ ಏರುವುದು ಇವುಗಳಿಂದಲೇ ಬಹಳ ಜನ ಬಿಟ್ಟುಬಿಡುತ್ತಾರೆ. ಮೊದಲೇ ತಲೆ ಮಂಕಾಗಿದೆ ಅನ್ನುವವರಿಗೆ ಇದು ಇನ್ನಷ್ಟು ಮಂಕು ಕವಿಸಬಹುದು. ಮೂತ್ರಪಿಂಡದ ತೊಂದರೆ ಇದ್ದರೆ ಡೋಸ್ ಇಳಿಸಬೇಕು. ನಿದ್ದೆ ಮಾತ್ರೆ, ಓಪಿಯಾಯ್ಡ್, ಮದ್ಯ ಇವುಗಳ ಜೊತೆ ಸೇರಿದರೆ ಉಸಿರಾಟ ನಿಧಾನವಾಗುವ ಅಪಾಯವಿದೆ. 2019ರಲ್ಲಿ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅದೇ ವರ್ಷ ಬ್ರಿಟನ್ ಪ್ರೆಗಾಬಲಿನ್ನನ್ನು ದುರ್ಬಳಕೆಯ ಕಾರಣಕ್ಕೆ ನಿಯಂತ್ರಿತ ಔಷಧಗಳ ಪಟ್ಟಿಗೆ ಸೇರಿಸಿತು.

2025ರ ಹೊಸ ಮಾತ್ರೆ

ಹೆಸರು ಟೋನ್ಮಯಾ. ಒಳಗಿರುವ ಔಷಧ ಮಾತ್ರ ಹೊಸದಲ್ಲ. ಅದು ಸೈಕ್ಲೊಬೆಂಜಪ್ರಿನ್, 1970ರ ದಶಕದಿಂದ ಸ್ನಾಯು ಸೆಳೆತಕ್ಕೆ ಕೊಡುತ್ತಿರುವ ಮಾತ್ರೆ. ರಚನೆಯಲ್ಲಿ ಅಮಿಟ್ರಿಪ್ಟಿಲಿನ್‌ಗೆ ತೀರಾ ಹತ್ತಿರದ್ದು. ಹಾಗಾದರೆ ಹೊಸತೇನು? ದಾರಿ. ನುಂಗಿದ ಮಾತ್ರೆ ಮೊದಲು ಲಿವರಿಗೆ ಹೋಗುತ್ತದೆ. ಅಲ್ಲಿ ಅದರ ಒಂದು ಭಾಗ ಮೈಯಲ್ಲಿ ಬಹಳ ಹೊತ್ತು ಉಳಿಯುವ ಇನ್ನೊಂದು ವಸ್ತುವಾಗಿ ಬದಲಾಗುತ್ತದೆ. ನಾಲಿಗೆ ಕೆಳಗೆ ಕರಗಿದ್ದು ನೇರ ರಕ್ತಕ್ಕೆ ಸೇರುವುದರಿಂದ ಆ ವಸ್ತು ಕಡಿಮೆ ತಯಾರಾಗುತ್ತದೆ. ಗುರಿ ಇರುವುದು ರಾತ್ರಿಯ ನಿದ್ದೆಯ ಮೇಲೆ. ಮಲಗುವಾಗ 2.8 ಮಿಗ್ರಾಂ, ಎರಡು ವಾರದ ಮೇಲೆ 5.6 ಮಿಗ್ರಾಂ.

ಮೂರು ದೊಡ್ಡ ಪ್ರಯೋಗಗಳಲ್ಲಿ ಎರಡರಲ್ಲಿ ಇದು ಖಾಲಿ ಮಾತ್ರೆಗಿಂತ ನೋವನ್ನು ಹೆಚ್ಚು ಇಳಿಸಿತು, ಒಂದರಲ್ಲಿ ಅಂಥ ಫಲ ಸಿಗಲಿಲ್ಲ. ನಾಲಿಗೆ ಮರಗಟ್ಟುವುದು, ಕಹಿ ರುಚಿ ಅನೇಕರಿಗೆ ಬಂತು. ಹೊಸ ಆಯ್ಕೆಯೊಂದು ಸಿಕ್ಕಿದ್ದು ಸಂತೋಷದ ಸಂಗತಿ. ಈಗಿನ ಮಾತ್ರೆಯಿಂದ ಚೆನ್ನಾಗಿರುವವರು ಅದನ್ನು ಬಿಟ್ಟು ಇದಕ್ಕೆ ಓಡಲು ಇದಿಷ್ಟೇ ಕಾರಣವಾಗದು.

ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತವೆ?

ಇದನ್ನು ಮುಚ್ಚುಮರೆ ಇಲ್ಲದೆ ಹೇಳಬೇಕು. ಈ ಮಾತ್ರೆಗಳಲ್ಲಿ ಯಾವುದೂ ನೋವನ್ನು ಸೊನ್ನೆ ಮಾಡುವುದಿಲ್ಲ. ನೋವು ಅರ್ಧಕ್ಕೆ ಇಳಿದರೆ ದೊಡ್ಡ ಗೆಲುವು, ಮೂರನೇ ಒಂದು ಪಾಲು ಇಳಿದರೂ ಉಪಯೋಗವೇ ಅನ್ನುವುದು ಸಂಶೋಧಕರ ಲೆಕ್ಕ. ಪ್ರಯೋಗಗಳನ್ನೆಲ್ಲಾ ಒಟ್ಟುಹಾಕಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆಗಳಲ್ಲಿ, ಡುಲೊಕ್ಸೆಟಿನ್ ಕೊಟ್ಟ ಪ್ರತಿ 8 ಜನರಲ್ಲಿ ಒಬ್ಬರಿಗೆ ಖಾಲಿ ಮಾತ್ರೆಗಿಂತ ಮೇಲಾಗಿ ನೋವು ಅರ್ಧಕ್ಕಿಳಿಯಿತು. ಪ್ರೆಗಾಬಲಿನ್‌ನಲ್ಲಿ ಅದು ಸುಮಾರು 10 ಜನರಲ್ಲಿ ಒಬ್ಬರು. ಅಮಿಟ್ರಿಪ್ಟಿಲಿನ್‌ನದು 4 ಜನರಲ್ಲಿ ಒಬ್ಬರು ಅಂತ ಕಾಣುತ್ತದೆ. ಆದರೆ ಅದರ ಪ್ರಯೋಗಗಳು ಹಳೆಯವು, ಸಣ್ಣವು. ಆ ಲೆಕ್ಕವನ್ನು ಪೂರ್ತಿ ನೆಚ್ಚಲಾಗದು.

ಎಲ್ಲರಿಗೂ ಸ್ವಲ್ಪ ಸ್ವಲ್ಪ ಗುಣ ಅಂತ ಇದರ ಅರ್ಥವಲ್ಲ. ಕೆಲವರಿಗೆ ಚೆನ್ನಾಗಿ ಹಿಡಿಯುತ್ತದೆ, ಬಹಳ ಜನರಿಗೆ ಏನೂ ಆಗುವುದಿಲ್ಲ. ಆ ಕೆಲವರಲ್ಲಿ ನೀವೂ ಒಬ್ಬರಾ ಅನ್ನುವುದು ತಗೊಂಡು ನೋಡಿದ ಮೇಲಷ್ಟೇ ಗೊತ್ತಾಗುವುದು.

ಇಷ್ಟು ಸಣ್ಣ ಲಾಭವನ್ನು ಹೇಗೆ ತೂಗಬೇಕು ಅನ್ನುವುದರಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ಅಮೆರಿಕ ಒಪ್ಪಿದ ಪ್ರೆಗಾಬಲಿನ್, ಡುಲೊಕ್ಸೆಟಿನ್, ಮಿಲ್ನಾಸಿಪ್ರಾನ್ ಮೂರನ್ನೂ ಯುರೋಪಿನ ಔಷಧ ಸಂಸ್ಥೆ ಈ ಕಾಯಿಲೆಗೆ ಒಪ್ಪಲಿಲ್ಲ. ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ ಸಂಸ್ಥೆ 2021ರಲ್ಲಿ, ಫೈಬ್ರೊಮಯಾಲ್ಜಿಯ ಸೇರಿದ ದೀರ್ಘಕಾಲದ ನೋವುಗಳಿಗೆ ಅಮಿಟ್ರಿಪ್ಟಿಲಿನ್, ಡುಲೊಕ್ಸೆಟಿನ್‌ನಂಥವನ್ನು ಯೋಚಿಸಬಹುದು ಎಂದಿತು. ಪ್ರೆಗಾಬಲಿನ್, ಓಪಿಯಾಯ್ಡ್, ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥವನ್ನು ಹೊಸದಾಗಿ ಶುರು ಮಾಡಬೇಡಿ ಎಂದಿತು. ಯುರೋಪಿನ ಸಂಧಿವಾತ ತಜ್ಞರ ಒಕ್ಕೂಟ 2016ರ ಸಲಹೆಗಳಲ್ಲಿ ಯಾವ ಮಾತ್ರೆಯನ್ನೂ ಗಟ್ಟಿಯಾಗಿ ಶಿಫಾರಸು ಮಾಡಲಿಲ್ಲ. ಅವರು ಗಟ್ಟಿಯಾಗಿ ಹೇಳಿದ್ದು ಒಂದೇ, ವ್ಯಾಯಾಮ. ಮೈಯೆಲ್ಲಾ ನೋಯುವವರಿಗೆ ಇದು ಕೇಳಲು ಕಷ್ಟದ ಮಾತು, ಗೊತ್ತು. ಅದಕ್ಕೇ ಮಾತ್ರೆಯನ್ನು ಹೀಗೂ ನೋಡಬಹುದು: ಐದು ನಿಮಿಷದ ನಡಿಗೆಯನ್ನು ಹತ್ತಕ್ಕೆ, ಹತ್ತನ್ನು ಹದಿನೈದಕ್ಕೆ ಏರಿಸುವಷ್ಟು ನೋವು ತಗ್ಗಿಸಿ, ನಿದ್ದೆ ಕೊಟ್ಟರೆ ಅದು ತನ್ನ ಕೆಲಸ ಮಾಡಿದೆ.

ನಾಲ್ಟ್ರೆಕ್ಸೋನ್ ಕಥೆ

ಚಟ ಬಿಡಿಸಲು 50 ಮಿಗ್ರಾಂ ಕೊಡುವ ನಾಲ್ಟ್ರೆಕ್ಸೋನನ್ನು 4.5 ಮಿಗ್ರಾಂ ಆಸುಪಾಸಿನ ಪುಟ್ಟ ಡೋಸಿನಲ್ಲಿ ತಗೊಂಡರೆ ನೋವು ಇಳಿಯುತ್ತದೆ ಅಂತ ಬಹಳ ಜನ ಕೇಳಿರುತ್ತೀರಿ. 2009 ಮತ್ತು 2013ರ ಸಣ್ಣ ಅಧ್ಯಯನಗಳು ಆಸೆ ಹುಟ್ಟಿಸಿದ್ದು ನಿಜ. ಆಮೇಲೆ ಡೆನ್ಮಾರ್ಕಿನಲ್ಲಿ ಇನ್ನೂ ದೊಡ್ಡ ಪ್ರಯೋಗ ನಡೆಯಿತು. ಹೆಂಗಸರಿಗೆ 12 ವಾರ 6 ಮಿಗ್ರಾಂ ಕೊಟ್ಟು ನೋಡಿದಾಗ ನೋವಿನಲ್ಲಿ ಖಾಲಿ ಮಾತ್ರೆಗೂ ಇದಕ್ಕೂ ನಂಬುವಂಥ ವ್ಯತ್ಯಾಸ ಸಿಗಲಿಲ್ಲ. ಓಪಿಯಾಯ್ಡ್ ತಗೊಳ್ಳುವವರು ಇದನ್ನು ಮುಟ್ಟಲೇಬಾರದು. ಅದು ಓಪಿಯಾಯ್ಡನ್ನು ತಳ್ಳಿಹಾಕುವುದರಿಂದ ಒಮ್ಮೆಲೇ ವಿಪರೀತ ಸಂಕಟವಾಗುತ್ತದೆ.

ಶುರು ಮಾಡುವಾಗ, ನಿಲ್ಲಿಸುವಾಗ

ಯಾವ ಮಾತ್ರೆ ಮೊದಲು? ನೋವಿನ ಜೊತೆ ಏನಿದೆ ಅನ್ನುವುದು ಇದನ್ನು ತೀರ್ಮಾನಿಸುತ್ತದೆ. ನಿದ್ದೆಯೇ ದೊಡ್ಡ ಕಷ್ಟವಾದರೆ ಅಮಿಟ್ರಿಪ್ಟಿಲಿನ್ ಕಡೆ, ಮನಸ್ಸು ಕುಗ್ಗಿದ್ದರೆ, ಸುಸ್ತು ಜಾಸ್ತಿ ಇದ್ದರೆ ಡುಲೊಕ್ಸೆಟಿನ್ ಕಡೆ ವೈದ್ಯರ ಒಲವು ಹೋಗುತ್ತದೆ. ತೂಕದ ಚಿಂತೆ ಇದ್ದವರಿಗೆ ಪ್ರೆಗಾಬಲಿನ್ ಕೊಡುವ ಮುಂಚೆ ಎರಡು ಬಾರಿ ಯೋಚಿಸುತ್ತಾರೆ. ಗರ್ಭಿಣಿಯಾಗಿದ್ದರೆ ಅಥವಾ ಆಗುವ ಯೋಚನೆ ಇದ್ದರೆ ಅದನ್ನು ಮೊದಲು ಹೇಳಿ.

ಈ ಕಾಯಿಲೆ ಇರುವವರ ಮೈ ಔಷಧಕ್ಕೂ ಸೂಕ್ಷ್ಮ. ಆದ್ದರಿಂದ ಚಿಕ್ಕ ಡೋಸ್, ನಿಧಾನ ಏರಿಕೆ. ಅಡ್ಡ ಪರಿಣಾಮ ಮೊದಲ ವಾರದಲ್ಲೇ ಬರುತ್ತದೆ, ಲಾಭ ತಡವಾಗಿ ಬರುತ್ತದೆ. ಇದರಿಂದಲೇ ಬಹಳ ಜನ ಹತ್ತು ದಿನಕ್ಕೆ ಬಿಟ್ಟುಬಿಡುತ್ತಾರೆ. ತಡೆದುಕೊಳ್ಳಲು ಆಗುವಂತಿದ್ದರೆ, ಸರಿಯಾದ ಡೋಸ್ ತಲುಪಿದ ಮೇಲೆ ಆರರಿಂದ ಎಂಟು ವಾರ ನೋಡಿ. ಆ ಹೊತ್ತಿನಲ್ಲಿ ದಿನಾ ಒಂದು ಸಾಲು ಬರೆದಿಡಿ: ನೋವು ಹತ್ತಕ್ಕೆ ಎಷ್ಟು, ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಇವತ್ತು ಏನು ಮಾಡಲು ಆಯಿತು. ಒಳ್ಳೆಯ ದಿನ ಕೆಟ್ಟ ದಿನ ಬಂದುಹೋಗುವ ಕಾಯಿಲೆಯಲ್ಲಿ ನೆನಪನ್ನು ನಂಬಿದರೆ ಲೆಕ್ಕ ತಪ್ಪುತ್ತದೆ. ಏನೂ ಬದಲಾಗಿಲ್ಲ ಅಂತ ಕಂಡರೆ ಆ ಮಾತ್ರೆಯನ್ನು ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಅದರ ಮೇಲೆ ಇನ್ನೊಂದು, ಮತ್ತೊಂದು ಸೇರಿಸುತ್ತಾ ಹೋಗುವುದಕ್ಕಿಂತ ಇದನ್ನು ಇಳಿಸಿ ಬೇರೆಯದನ್ನು ನೋಡೋಣವೇ ಅಂತ ಕೇಳಿ.

ಆದರೆ ಒಂದೇ ದಿನಕ್ಕೆ ನಿಲ್ಲಿಸಬೇಡಿ. ಡುಲೊಕ್ಸೆಟಿನ್ ಥಟ್ಟನೆ ಬಿಟ್ಟರೆ ತಲೆಸುತ್ತು, ವಾಕರಿಕೆ, ಸಿಡುಕು, ತಲೆಯೊಳಗೆ ಕರೆಂಟು ಹೊಡೆದಂಥ ಝುಮ್ಮು ಬರಬಹುದು. ಪ್ರೆಗಾಬಲಿನ್ ಬಿಟ್ಟರೆ ನಿದ್ದೆ ಕೆಡುತ್ತದೆ, ಬೆವರು, ಆತಂಕ ಹೆಚ್ಚುತ್ತದೆ. ಕಾಯಿಲೆ ಉಲ್ಬಣವಾಯಿತು ಅಂತ ಹೆದರಿ ಮತ್ತೆ ಮಾತ್ರೆಗೆ ಮರಳುವವರಿದ್ದಾರೆ. ವಾರಗಟ್ಟಲೆ ಸಮಯ ಕೊಟ್ಟು ಹಂತ ಹಂತವಾಗಿ ಇಳಿಸಿದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಇನ್ನು, ಬರುವ ಪ್ರತಿ ನೋವನ್ನೂ ಫೈಬ್ರೊಮಯಾಲ್ಜಿಯದ ಲೆಕ್ಕಕ್ಕೆ ಹಾಕಿಬಿಡಬೇಡಿ. ಗಂಟು ಊದಿ ಕೆಂಪಾದರೆ, ಬಿಡದೆ ಜ್ವರ ಬಂದರೆ, ಕಾರಣವಿಲ್ಲದೆ ತೂಕ ಇಳಿದರೆ, ಕೈಯೋ ಕಾಲೋ ಶಕ್ತಿ ಕಳೆದುಕೊಂಡರೆ, ಎದೆ ನೋವು ಬಂದರೆ ಅದು ಬೇರೆಯದೇ ತೊಂದರೆ ಇರಬಹುದು. ಮಾತ್ರೆಯ ಡೋಸ್ ಏರಿಸಿಕೊಳ್ಳುವ ಬದಲು ಅದನ್ನು ಹೊಸದಾಗಿ ತೋರಿಸಿಕೊಳ್ಳಬೇಕು.